ಮೇಷ್ಟ್ರಿಗೂ ಉತ್ತರ ಗೊತ್ತಿರದ ಪ್ರಶ್ನೆ

ಬಿ.ಎಸ್ಸಿ. ಕೆಮಿಸ್ಟ್ರಿ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ವಿದ್ಯಾರ್ಥಿಯ ಕೈಗೆ ಒಂದು ಸಣ್ಣ ಪೊಟ್ಟಣ ಬರುತ್ತದೆ. ಒಳಗೆ ಲವಣಗಳ ಮಿಶ್ರಣ. ಯಾವ ಲವಣಗಳು ಎಂದು ಗಂಟೆ ಮುಗಿಯುವುದರೊಳಗೆ ಹೇಳಬೇಕು. ಚಿಟಿಕೆ ಪುಡಿಯನ್ನು ತಂತಿಯ ತುದಿಗೆ ಅಂಟಿಸಿ ಬರ್ನರಿನ ಉರಿಗೆ ಹಿಡಿದಾಗ ಸೇಬಿನ ಹಸಿರು ಕಂಡರೆ ಬೇರಿಯಂ, ಇಟ್ಟಿಗೆಗೆಂಪು ಕಂಡರೆ ಕ್ಯಾಲ್ಸಿಯಂ. ಫೆರಸ್ ಸಲ್ಫೇಟ್ ಬೆರೆಸಿ, ಟೆಸ್ಟ್‌ಟ್ಯೂಬಿನ ಗೋಡೆಗುಂಟ ಸಲ್ಫ್ಯೂರಿಕ್ ಆಮ್ಲವನ್ನು ಮೆಲ್ಲಗೆ ಇಳಿಬಿಟ್ಟಾಗ ನಡುವೆ ಕಂದು ಉಂಗುರ ನಿಂತರೆ ನೈಟ್ರೇಟ್. ತಾಮ್ರವಾದರೆ ಅಮೋನಿಯ ಹಾಕಿದ ಕೂಡಲೇ ಕಡುನೀಲಿ ತಿರುಗಿ ತಾನೇ ಹೆಸರು ಹೇಳುತ್ತದೆ. ಇದೆಲ್ಲ ಒಳ್ಳೆಯ ವಿದ್ಯೆ. ಕಣ್ಣು, ಮೂಗು, ಕೈ ಮೂರನ್ನೂ ಒಟ್ಟಿಗೆ ಪಳಗಿಸುವ ಪಾಠ ಕಾಲೇಜಿನಲ್ಲಿ ಇನ್ನೊಂದು ಸಿಗುವುದು ಕಷ್ಟ.

ಆದರೆ ಆ ಪೊಟ್ಟಣದ ಉತ್ತರ ಪರೀಕ್ಷಕರ ಪಟ್ಟಿಯಲ್ಲಿ ಮೊದಲೇ ಇರುತ್ತದೆ. ಹುಡುಗ ಹುಡುಗಿಯರು ಹುಡುಕುವುದು ಲವಣವನ್ನಲ್ಲ, ಆ ಪಟ್ಟಿಯನ್ನು. ಅಟೆಂಡರ್ ಮುಖ ನೋಡಿ ಅಂದಾಜು ಕಟ್ಟುವವರು, ಹೋದ ವರ್ಷ ಯಾವ ಸಾಲ್ಟ್ ಬಂದಿತ್ತೆಂದು ಸೀನಿಯರುಗಳನ್ನು ಕೇಳಿಕೊಂಡು ಬರುವವರು ಎಲ್ಲ ಕಾಲೇಜುಗಳಲ್ಲೂ ಇದ್ದಾರೆ. ಅವರನ್ನು ದೂರಲಾರೆ. ಉತ್ತರ ಯಾರ ಬಳಿಯೋ ಇದೆ ಎಂದು ಗೊತ್ತಿದ್ದಾಗ ಅದನ್ನು ಅವರಿಂದಲೇ ಪಡೆಯುವ ದಾರಿ ಹುಡುಕುವುದು ಮನುಷ್ಯ ಸಹಜ. ನನ್ನ ಮಾತು ಇಷ್ಟೇ: ಮೂರು ವರ್ಷದ ಡಿಗ್ರಿಯಲ್ಲಿ ಒಂದು ಸಲವಾದರೂ, ಉತ್ತರ ಮೇಷ್ಟ್ರಿಗೂ ಗೊತ್ತಿಲ್ಲದ ಪ್ರಶ್ನೆಯೊಂದು ವಿದ್ಯಾರ್ಥಿಯ ಕೈಗೆ ಬರಬೇಕು. ಚಿತ್ರದುರ್ಗ ಜಿಲ್ಲೆಯ ನಾಯಕನಹಟ್ಟಿ ಸೀಮೆಯ ಮಕ್ಕಳಿಗೆ ಅಂಥ ಪ್ರಶ್ನೆಗಾಗಿ ದೂರ ಹೋಗಬೇಕಾಗಿಲ್ಲ. ಊರಿನ ಬೋರ್‌ವೆಲ್ಲಿನಲ್ಲೇ ಅದು ದಿನವೂ ಮೇಲೆ ಬರುತ್ತಿದೆ.

ನಾಯಕನಹಟ್ಟಿ, ತಳಕು, ಆಚೆಗೆ ಮೊಳಕಾಲ್ಮೂರು ಕಡೆಯ ಹಳ್ಳಿಗಳಿಂದ ಡಿಗ್ರಿಗೆ ಹೊರಡುವ ಮಕ್ಕಳು ಬೆಳಗಿನ ಬಸ್ಸು ಹತ್ತಿ ಚಳ್ಳಕೆರೆಯ ಎಚ್.ಪಿ.ಪಿ.ಸಿ. ಸರ್ಕಾರಿ ಪ್ರಥಮ ದರ್ಜೆ ಕಾಲೇಜಿಗೋ, ಚಿತ್ರದುರ್ಗದ ಸರ್ಕಾರಿ ವಿಜ್ಞಾನ ಕಾಲೇಜಿಗೋ ಹೋಗುತ್ತಾರೆ. ಮುಂದೆ ಎಂ.ಎಸ್ಸಿ. ಬೇಕೆಂದರೆ ದಾವಣಗೆರೆ ವಿಶ್ವವಿದ್ಯಾನಿಲಯದ ಶಿವಗಂಗೋತ್ರಿ, ಇಲ್ಲವೇ ಕುವೆಂಪು ವಿಶ್ವವಿದ್ಯಾನಿಲಯದ ಶಂಕರಘಟ್ಟ. ದಾವಣಗೆರೆ ವಿಶ್ವವಿದ್ಯಾನಿಲಯ ಹುಟ್ಟಿದ್ದು 2009ರಲ್ಲಿ. ಅದಕ್ಕೆ ಮೊದಲು ಈ ಜಿಲ್ಲೆ ಕುವೆಂಪು ವಿಶ್ವವಿದ್ಯಾನಿಲಯದ ಕೈಕೆಳಗಿತ್ತು, ಅದಕ್ಕೂ ಮೊದಲು ಮೈಸೂರಿನದು. ಎಂಜಿನಿಯರಿಂಗ್ ಸೀಟು ಸಿಗದವರು, ಸಿಕ್ಕರೂ ಫೀಸು ಕಟ್ಟಲಾಗದವರು ಬಿ.ಎಸ್ಸಿ.ಗೆ ಬರುತ್ತಾರೆ ಎಂಬ ಮಾತಿದೆ. ಆ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ರಸಾಯನಶಾಸ್ತ್ರವನ್ನೇ ಆಸೆಪಟ್ಟು ಆರಿಸಿಕೊಂಡ ಮಗುವಿನ ಕಿವಿಗೂ ಅದು ಬೀಳುತ್ತದೆ.

ಇನ್ನು ಭಾಷೆ. ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲಿ ಆಮ್ಲ, ಪ್ರತ್ಯಾಮ್ಲ, ವೇಲೆನ್ಸಿ ಓದಿದವರು ಪಿಯುಸಿಯಲ್ಲಿ ಒಮ್ಮೆಗೇ ಇಂಗ್ಲಿಷಿಗೆ ಬೀಳುತ್ತಾರೆ. ಡಿಗ್ರಿ ಹೊತ್ತಿಗೆ ಪದಗಳ ಭಯ ಹೋಗಿರುತ್ತದೆ, ಪೂರಾ ವಾಕ್ಯ ಬರೆಯುವ ಭಯ ಹೋಗಿರುವುದಿಲ್ಲ. ವೈವಾದಲ್ಲಿ ‘ಯಾಕೆ’ ಎಂದು ಕೇಳಿದರೆ ಬಾಯಿ ಕಟ್ಟುತ್ತದೆ. ಅದೇ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿ ನೋಡಿ, ಅರ್ಧ ಗಂಟೆ ವಿವರಿಸುತ್ತಾರೆ. ಈ ತೊಡಕನ್ನು ತಮ್ಮ ಜೀವಮಾನವಿಡೀ ಬಿಡಿಸಿದವರೊಬ್ಬರು ನಮ್ಮ ಪಕ್ಕದೂರಿನವರೇ. ಜೆ.ಆರ್. ಲಕ್ಷ್ಮಣರಾಯರು 1921ರಲ್ಲಿ ಜಗಳೂರಿನಲ್ಲಿ ಹುಟ್ಟಿದರು. ಜಗಳೂರು ಆಗ ಚಿತ್ರದುರ್ಗ ಜಿಲ್ಲೆಯ ಊರು, ದಾವಣಗೆರೆಗೆ ಸೇರಿದ್ದು 1997ರಲ್ಲಿ. ಮೈಸೂರಿನಲ್ಲಿ ರಸಾಯನಶಾಸ್ತ್ರ ಕಲಿಸಿದ ಲಕ್ಷ್ಮಣರಾಯರು ‘ಪರಮಾಣು ಚರಿತ್ರೆ’ಯಂಥ ಪುಸ್ತಕ ಬರೆದರು, ‘ಬಾಲ ವಿಜ್ಞಾನ’ ಪತ್ರಿಕೆಯ ಸಂಪಾದಕರಾಗಿ ದುಡಿದರು. ಕೆಮಿಸ್ಟ್ರಿ ಕನ್ನಡದಲ್ಲಿ ನಿಲ್ಲುತ್ತದೆಯೇ ಎಂದು ಯಾರಾದರೂ ಕೇಳಿದರೆ ಅವರ ಪುಸ್ತಕಗಳ ಕಪಾಟು ತೋರಿಸಿದರೆ ಸಾಕು. ಜಗಳೂರಿಂದ ನಾಯಕನಹಟ್ಟಿಗೆ ದೂರವೇನಿಲ್ಲ. ಆದರೂ ಇಲ್ಲಿನ ಎಷ್ಟು ವಿಜ್ಞಾನ ವಿದ್ಯಾರ್ಥಿಗಳು ಅವರ ಹೆಸರು ಕೇಳಿದ್ದಾರೆ?

ನೀರಿನ ಮಾತಿಗೆ ಬರುತ್ತೇನೆ.

ಈ ಸೀಮೆಯ ಪ್ರಯೋಗಾಲಯಕ್ಕೆ ಕಾಲಿಟ್ಟ ಹುಡುಗಿಗೆ ಮೊದಲು ಹೇಳುವ ಎಚ್ಚರಿಕೆಯೇ ನಲ್ಲಿ ನೀರು ಮುಟ್ಟಬೇಡ, ಡಿಸ್ಟಿಲ್ಡ್ ವಾಟರ್ ಬಳಸು ಎಂಬುದು. ಮಾತು ಮೀರಿ ಸಿಲ್ವರ್ ನೈಟ್ರೇಟನ್ನು ನಲ್ಲಿ ನೀರಿನಲ್ಲಿ ಕರಗಿಸಿದರೆ ತಿಳಿಯಾಗಿರಬೇಕಾದ ದ್ರಾವಣ ಮಜ್ಜಿಗೆನೀರಾಗುತ್ತದೆ. ನೀರಿನ ಕ್ಲೋರೈಡ್ ಬೆಳ್ಳಿಯನ್ನು ಹಿಡಿದು ಸಿಲ್ವರ್ ಕ್ಲೋರೈಡ್ ಆಗಿಸಿಬಿಟ್ಟಿದೆ. ನೀರು ಭಟ್ಟಿ ಇಳಿಸುವ ಯಂತ್ರವನ್ನು ಬಿಚ್ಚಿದರೆ ಹೀಟರ್ ಸುರುಳಿಯ ಮೇಲೆ ಬೆರಳ ದಪ್ಪದ ಬಿಳಿ ಪದರ. ಅದಕ್ಕೊಂದು ಹನಿ ಹೈಡ್ರೋಕ್ಲೋರಿಕ್ ಆಮ್ಲ ಬಿಟ್ಟರೆ ಬುಸುಬುಸು ನೊರೆ, ಕ್ಯಾಲ್ಸಿಯಂ ಕಾರ್ಬೊನೇಟ್. ಪ್ರಯೋಗಕ್ಕೆ ಅಡ್ಡಿಯೆಂದು ಹೊರಗಿಡುವ ಈ ನೀರೇ ಅತ್ಯುತ್ತಮ ಪ್ರಯೋಗ. ಅದನ್ನು ಬಾಗಿಲ ಹೊರಗೆ ನಿಲ್ಲಿಸಿ, ಬೇರೆಲ್ಲಿಂದಲೋ ತರಿಸಿದ ಪುಡಿಯನ್ನು ಒಳಗೆ ಪರೀಕ್ಷಿಸುತ್ತಿದ್ದೇವೆ.

ಗಡಸುತನ ಅಳೆಯುವ ಪ್ರಯೋಗ ಸಿಲಬಸ್ಸಿನಲ್ಲೇ ಇದೆ. 50 ಮಿಲಿಲೀಟರ್ ನೀರು, ಪಿಎಚ್ 10ಕ್ಕೆ ನಿಲ್ಲಿಸಲು ಅಮೋನಿಯ ಬಫರ್, ಚೂರು ಎರಿಯೋಕ್ರೋಮ್ ಬ್ಲ್ಯಾಕ್ ಟಿ. ನೀರು ದ್ರಾಕ್ಷಿಗೆಂಪಾಗುತ್ತದೆ. ಬ್ಯೂರೆಟ್ಟಿನಿಂದ ಇಡಿಟಿಎ ಬಿಡುತ್ತಾ ಹೋದರೆ ಕೆಂಪಿಗೆ ನೇರಳೆ ಬೆರೆಯುತ್ತದೆ, ಆಮೇಲೆ ಒಂದೇ ಒಂದು ಹನಿಗೆ ಅಪ್ಪಟ ನೀಲಿ. 0.01 ಮೋಲಾರ್ ಇಡಿಟಿಎ ಆದರೆ ಒಂದು ಮಿಲಿಲೀಟರಿಗೆ ಒಂದು ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿನ ಲೆಕ್ಕ. 20 ಮಿಲಿಲೀಟರ್ ಖರ್ಚಾದರೆ ಲೀಟರಿಗೆ 400 ಮಿಲಿಗ್ರಾಂ. ಕುಡಿಯುವ ನೀರಿಗೆ ಭಾರತೀಯ ಮಾನಕ ಸಂಸ್ಥೆ ಒಪ್ಪುವ ಮಿತಿ 200, ಬೇರೆ ದಾರಿ ಇಲ್ಲದಿದ್ದರೆ 600. ಸೋಪು ನೊರೆ ಕಟ್ಟುವುದಿಲ್ಲ, ಬೇಳೆ ಬೇಯುವುದಿಲ್ಲ ಎಂದು ಅಮ್ಮ ದಿನಾ ಗೊಣಗುವುದಕ್ಕೆ ಮಗಳು ಅಂಕಿ ಕೊಡಬಲ್ಲಳು. ಆದರೆ ಹೆಚ್ಚಿನ ಕಡೆ ಈ ಪ್ರಯೋಗಕ್ಕೂ ಮೇಷ್ಟ್ರು ಮೊದಲೇ ಮೆಗ್ನೀಸಿಯಂ ಸಲ್ಫೇಟ್ ಕರಗಿಸಿ ‘ಸ್ಯಾಂಪಲ್’ ತಯಾರಿಸಿ ಇಟ್ಟಿರುತ್ತಾರೆ, ಎಲ್ಲರಿಗೂ ಒಂದೇ ರೀಡಿಂಗ್ ಬರಲಿ, ಅಂಕ ಹಾಕುವುದು ಸುಲಭವಾಗಲಿ ಎಂದು.

ಗಡಸುತನ ನಾಲಿಗೆಗೆ, ಸೋಪಿಗೆ ಗೊತ್ತಾಗುತ್ತದೆ. ಫ್ಲೋರೈಡ್ ಯಾವುದಕ್ಕೂ ಗೊತ್ತಾಗುವುದಿಲ್ಲ. ಅದಕ್ಕೆ ರುಚಿಯಿಲ್ಲ, ಬಣ್ಣವಿಲ್ಲ, ವಾಸನೆಯಿಲ್ಲ. ಕಾಯಿಸಿದರೆ ಹೋಗುವುದೂ ಇಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಗಟ್ಟಿಯಾಗುತ್ತದೆ. ಚಿತ್ರದುರ್ಗ ಜಿಲ್ಲೆಯ ಅಂತರ್ಜಲದಲ್ಲಿ, ಅದರಲ್ಲೂ ಚಳ್ಳಕೆರೆ ಮೊಳಕಾಲ್ಮೂರು ಕಡೆ, ಫ್ಲೋರೈಡ್ ಹೆಚ್ಚೆಂಬುದು ಹಳೆಯ ಸಂಗತಿ. ಒಪ್ಪುವ ಮಿತಿ ಲೀಟರಿಗೆ 1 ಮಿಲಿಗ್ರಾಂ, ತೀರಾ ಹೆಚ್ಚೆಂದರೆ 1.5. ಮೀರಿದ ನೀರನ್ನು ಎಳವೆಯಲ್ಲಿ ಕುಡಿದವರ ಹಲ್ಲಿನ ಮೇಲೆ ಕಂದು ಗೆರೆ, ಕಂದು ಪಟ್ಟೆ. ಹಲ್ಲಿನ ಎನಾಮೆಲ್ ರೂಪುಗೊಳ್ಳುವ ವಯಸ್ಸಿನಲ್ಲೇ ಆ ಗುರುತು ಬೀಳುವುದು. ದೊಡ್ಡವರಾದ ಮೇಲೆ ಈ ಊರಿಗೆ ವರ್ಗವಾಗಿ ಬಂದವರ ಹಲ್ಲು ಬೆಳ್ಳಗೇ ಉಳಿಯುತ್ತದೆ. ಇನ್ನೂ ಹೆಚ್ಚು ಫ್ಲೋರೈಡ್, ಇನ್ನೂ ಹೆಚ್ಚು ವರ್ಷ ಎಂದಾದರೆ ಬೆನ್ನು, ಮೊಣಕಾಲು ಬಿಗಿಯುತ್ತವೆ. ಅಂಥ ಹಲ್ಲಿರುವ ಹುಡುಗಿಯರು ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾರೆ. ಲ್ಯಾಬಿನ ಬೆಂಚುಗಳ ನಡುವೆಯೂ ಅದನ್ನು ಕಂಡಿದ್ದೇನೆ. ತನ್ನ ಹಲ್ಲಿನ ಮೇಲೆ ಬರೆದಿರುವುದನ್ನು ಅಳೆಯುವ ವಿದ್ಯೆ ಕಲಿಯಲು ಬಂದ ಮಗು ಅದನ್ನು ಅಳೆಯದೆಯೇ ಡಿಗ್ರಿ ಮುಗಿಸಿ ಹೋಗುತ್ತದೆ ಎಂಬುದು ನನಗೆ ಸಹಿಸಲಾಗದ ಸಂಗತಿ.

ಫ್ಲೋರೈಡ್ ನೀರಿಗೆ ಎಲ್ಲಿಂದ ಬಂತು? ಯಾವ ಕಾರ್ಖಾನೆಯೂ ಬಿಟ್ಟದ್ದಲ್ಲ. ನಮ್ಮ ಕಾಲಡಿಯ ಗ್ರಾನೈಟ್, ನೈಸ್ ಬಂಡೆಗಳಲ್ಲಿ ಫ್ಲೋರೈಟ್, ಅಪಟೈಟ್, ಬಯೋಟೈಟ್ ಎಂಬ ಖನಿಜಗಳಿವೆ. ಬಂಡೆಯ ಬಿರುಕುಗಳಲ್ಲಿ ನೀರು ವರ್ಷಗಟ್ಟಲೆ ನಿಂತರೆ ಅವುಗಳಿಂದ ಫ್ಲೋರೈಡ್ ಬಿಟ್ಟುಕೊಳ್ಳುತ್ತದೆ. ಎಷ್ಟು ಬಿಟ್ಟುಕೊಳ್ಳುತ್ತದೆ ಎಂಬುದನ್ನು ಹೇಳುವುದು ಪಿಯುಸಿಯಲ್ಲೇ ಬಾಯಿಪಾಠ ಮಾಡಿಸುವ ಒಂದು ಸೂತ್ರ, ಸಾಲ್ಯುಬಿಲಿಟಿ ಪ್ರಾಡಕ್ಟ್. ಕ್ಯಾಲ್ಸಿಯಂ ಫ್ಲೋರೈಡಿನದು ಸುಮಾರು 3.9ರ ಮುಂದೆ ಹತ್ತರ ಘಾತ ಋಣ 11. ಕ್ಯಾಲ್ಸಿಯಂ ಸಾಂದ್ರತೆಯನ್ನು ಫ್ಲೋರೈಡ್ ಸಾಂದ್ರತೆಯ ವರ್ಗದಿಂದ ಗುಣಿಸಿದರೆ ಬರುವ ಗುಣಲಬ್ಧ ಆ ಗಡಿ ದಾಟುವಂತಿಲ್ಲ. ದಾಟಿದರೆ ಹೆಚ್ಚಿನದು ಗಟ್ಟಿಯಾಗಿ ತಳಕ್ಕೆ ಕೂರುತ್ತದೆ. ಪರೀಕ್ಷೆಗೆ ಇದನ್ನು ಮಕ್ಕಳು ಎರಡಂಕದ ಲೆಕ್ಕವೆಂದು ಮಾಡಿ ಮುಗಿಸುತ್ತಾರೆ. ಅದೇ ಲೆಕ್ಕಕ್ಕೆ ನಮ್ಮೂರ ನೀರಿನ ಅಂಕಿ ಹಾಕಿ ನೋಡಬೇಕು.

ನೀರಿನಲ್ಲಿ ಲೀಟರಿಗೆ 100 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ ಎನ್ನಿ. ಸೂತ್ರದ ಪ್ರಕಾರ ಅದರಲ್ಲಿ ಫ್ಲೋರೈಡ್ ಹೆಚ್ಚೆಂದರೆ 2.4 ಮಿಲಿಗ್ರಾಂವರೆಗೆ ಕರಗಿ ನಿಲ್ಲಬಹುದು. ಕ್ಯಾಲ್ಸಿಯಂ 25 ಮಿಲಿಗ್ರಾಮಿಗೆ ಇಳಿದರೆ ಫ್ಲೋರೈಡಿನ ಗಡಿ 4.7ಕ್ಕೆ ಏರುತ್ತದೆ. ಅಂದರೆ ಕ್ಯಾಲ್ಸಿಯಂ ನಾಲ್ಕನೇ ಒಂದಾದರೆ ಫ್ಲೋರೈಡಿಗೆ ಜಾಗ ಎರಡರಷ್ಟಾಗುತ್ತದೆ. ಬೈಕಾರ್ಬೊನೇಟ್ ಜಾಸ್ತಿಯಿರುವ ನೀರಿನಲ್ಲಿ ಇದೇ ನಡೆಯುವುದು: ಕ್ಯಾಲ್ಸಿಯಂ ಕಾರ್ಬೊನೇಟಾಗಿ ಹೊರಗೆ ಹೋಗುತ್ತದೆ, ಫ್ಲೋರೈಡನ್ನು ಹಿಡಿದು ಕೂರಿಸುವವರೇ ಇಲ್ಲದಂತಾಗುತ್ತದೆ. ನಿಜವಾದ ಕೊಳವೆಬಾವಿಯ ನೀರಿನಲ್ಲಿ ಇನ್ನೂ ಹತ್ತಾರು ಅಯಾನುಗಳಿರುವುದರಿಂದ ಲೆಕ್ಕ ಅಚ್ಚುಕಟ್ಟಾಗಿ ಕೂಡಿಬರುವುದಿಲ್ಲ, ಆದರೆ ಒಲವು ಈ ಕಡೆಗೇ.

ಇದರ ಅರ್ಥ ಮನೆಮಂದಿಗೆ ತಿಳಿದರೆ ಎದೆ ಧಸಕ್ಕೆನ್ನುತ್ತದೆ. ಎರಡು ಬೋರ್‌ವೆಲ್ ಇರುವ ಊರಿನಲ್ಲಿ ಜನ ಕುಡಿಯಲು ಆರಿಸುವುದು ಯಾವುದನ್ನು? ಸೋಪು ಚೆನ್ನಾಗಿ ನೊರೆಯುವ, ಬೇಳೆ ಬೇಗ ಬೇಯುವ, ಪಾತ್ರೆಗೆ ಬಿಳಿ ಕಟ್ಟದ ನೀರನ್ನು. ಸಿಹಿನೀರು ಎಂದು ಅದನ್ನೇ ಕೊಡದಲ್ಲಿ ಹೊತ್ತು ತರುತ್ತಾರೆ. ಗಡಸು ನೀರು ದನಕರುಗಳಿಗೆ, ಬಟ್ಟೆಬರೆಗೆ. ಹಾಗೆ ಆರಿಸಿದ ಸಿಹಿನೀರಿನಲ್ಲೇ ಫ್ಲೋರೈಡ್ ಹೆಚ್ಚಿರುವ ಸಾಧ್ಯತೆ ಇದೆ. ಇರಲೂಬಹುದು, ಇಲ್ಲದಿರಲೂಬಹುದು. ಅಳೆಯದೆ ಹೇಳಲು ಬಾರದು. ನಾಲಿಗೆ ಮೋಸಹೋಗುವ ಕಡೆ ದಾರಿ ತೋರಿಸುವುದಕ್ಕೇ ಅಲ್ಲವೇ ಕೆಮಿಸ್ಟ್ರಿ ಇರುವುದು? ಪ್ರತಿಷ್ಠಿತ ಜರ್ನಲ್ಲುಗಳಿಗೆ ಹೋಗುವ ಸಂಶೋಧನೆ ಬೇರೆ. ಎರಡು ಕೊಡ ನೀರಿನಲ್ಲಿ ಯಾವುದನ್ನು ಮಗುವಿಗೆ ಕುಡಿಸಬೇಕು ಎಂಬುದಕ್ಕೆ ಉತ್ತರ ಕೊಡುವುದು ಅದಕ್ಕಿಂತ ಚಿಕ್ಕ ಕೆಲಸವೆಂದು ನನಗನ್ನಿಸುವುದಿಲ್ಲ.

ಹಿಂದೆ ಇಲ್ಲಿನ ಜನ ಕೆರೆಯ ನೀರು, ತೆರೆದ ಬಾವಿಯ ನೀರು ಕುಡಿದವರು. ನಾಯಕನಹಟ್ಟಿಯ ಗುರು ತಿಪ್ಪೇರುದ್ರಸ್ವಾಮಿಯನ್ನು ಈ ಸೀಮೆ ಕೆರೆ ಕಟ್ಟಿಸಿದ ಕಾಯಕಯೋಗಿ ಎಂದೇ ನೆನೆಯುತ್ತದೆ. ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ಕೆರೆಯಲ್ಲಿ ನಿಂತು ಅಕ್ಕಪಕ್ಕದ ಬಾವಿಗಳಿಗೆ ಇಳಿಯುವ ನೀರು ಬಂಡೆಯ ಜೊತೆ ಹೆಚ್ಚು ಕಾಲ ಕಳೆದಿರುವುದಿಲ್ಲ. ರಾಜ್ಯದಲ್ಲೇ ತೀರಾ ಕಡಿಮೆ ಮಳೆಯ ತಾಲ್ಲೂಕುಗಳಲ್ಲಿ ಒಂದು ನಮ್ಮ ಚಳ್ಳಕೆರೆ. ಕೆರೆ ಒಣಗಿ, ಬಾವಿ ಬತ್ತಿ, ಡ್ರಿಲ್ಲು ನೂರಾರು ಅಡಿ ಇಳಿದಂತೆ ನಾವು ಹೆಚ್ಚು ಹೆಚ್ಚು ಹಳೆಯ ನೀರನ್ನು ಎತ್ತುತ್ತಿದ್ದೇವೆ. ಹಳೆಯದಾದಷ್ಟೂ ಅದು ಬಂಡೆಯಿಂದ ಹೆಚ್ಚು ಪಡೆದುಕೊಂಡಿರುತ್ತದೆ. ಕೆರೆಗೆ ನೀರು ಬಂದ ವರ್ಷ ಸುತ್ತಲಿನ ಬೋರ್‌ವೆಲ್ಲುಗಳ ಫ್ಲೋರೈಡ್ ಇಳಿಯುತ್ತದೆಯೇ? ಎಷ್ಟು ದೂರದ ತನಕ ಇಳಿಯುತ್ತದೆ? ಎಷ್ಟು ತಿಂಗಳಿಗೆ? ಎಂ.ಎಸ್ಸಿ. ಪ್ರಾಜೆಕ್ಟಿಗೆ ವಿಷಯ ಸಿಗಲಿಲ್ಲ ಎನ್ನುವವರಿಗೆ ಇವು ಸಾಲವೇ?

ಈಗ ಹಳ್ಳಿಹಳ್ಳಿಗೆ ಶುದ್ಧ ನೀರಿನ ಘಟಕ ಬಂದಿದೆ, ನಾಣ್ಯ ಹಾಕಿದರೆ ಕ್ಯಾನು ತುಂಬುತ್ತದೆ. ತುಂಗಭದ್ರಾ ಹಿನ್ನೀರಿನಿಂದ ಕುಡಿಯುವ ನೀರು ತರುವ ಯೋಜನೆಯೂ ಇದೆ. ಜಲಜೀವನ್ ಮಿಷನ್ ಅಡಿ ಊರಿಗೆ ಐವರು ಹೆಂಗಸರಿಗೆ ನೀರು ಪರೀಕ್ಷೆಯ ಕಿಟ್ ಕೊಟ್ಟು ತರಬೇತಿ ಕೊಡುವ ಏರ್ಪಾಡಾಗಿದೆ. ಬಹಳ ಒಳ್ಳೆಯದು. ಆದರೂ ಬಿ.ಎಸ್ಸಿ. ಓದುವವರ ಕೆಲಸ ಮುಗಿಯಲಿಲ್ಲ. ಕಿಟ್ಟಿನ ಬಣ್ಣದ ಪಟ್ಟಿ ಏನು ಹೇಳುತ್ತದೆಂದು ಆ ಹೆಂಗಸರಿಗೆ ಬಿಡಿಸಿ ಹೇಳಬಲ್ಲವರು ಆ ಊರಿನಲ್ಲಿ ಯಾರಿದ್ದಾರೆ? ಘಟಕದ ಯಂತ್ರ ಅರ್ಧ ನೀರನ್ನು ಶುದ್ಧ ಮಾಡಿ ಇನ್ನರ್ಧವನ್ನು ಚರಂಡಿಗೆ ಬಿಟ್ಟರೆ, 3 ಮಿಲಿಗ್ರಾಂ ಇದ್ದ ಫ್ಲೋರೈಡ್ ಆ ಹೊರಹೋಗುವ ನೀರಿನಲ್ಲಿ ಹೆಚ್ಚುಕಡಿಮೆ 6 ಆಗಿರುತ್ತದೆ. ಆ ನೀರಿನಿಂದ ಯಾರ ಮನೆಯ ಎಮ್ಮೆ ದಾಹ ತೀರಿಸಿಕೊಳ್ಳುತ್ತಿದೆ?

ನೀರೊಂದೇ ಅಲ್ಲ. ಚಳ್ಳಕೆರೆಯನ್ನು ಎಣ್ಣೆ ನಗರಿ ಎಂದು ಕರೆಸಿದ್ದು ಶೇಂಗಾ. ಶೇಂಗಾ ಕಾಯಿ ಮಣ್ಣೊಳಗೆ ತನಗೆ ಬೇಕಾದ ಕ್ಯಾಲ್ಸಿಯಂ ಅನ್ನು ಬೇರಿನ ಕೈಲಿ ಕಾಯದೆ ಸಿಪ್ಪೆಯ ಮೂಲಕವೇ ಹೀರುತ್ತದೆ. ಹೂ ಬಿಟ್ಟು ಊಡು ಇಳಿಯುವ ಹೊತ್ತಿಗೆ ರೈತರು ಜಿಪ್ಸಂ ಹಾಕುವುದು ಅದಕ್ಕೇ. ಬಿ.ಎಸ್ಸಿ. ಲ್ಯಾಬಿನಲ್ಲಿ ಎಣ್ಣೆಯ ಅಯೋಡಿನ್ ಮೌಲ್ಯ ಕಟ್ಟುವ ಪ್ರಯೋಗವಿದೆ. ಶೇಂಗಾ ಎಣ್ಣೆಗೆ ಅದು 90ರ ಆಸುಪಾಸು, ಕೊಬ್ಬರಿ ಎಣ್ಣೆಗೆ 10ರೊಳಗೆ. ಎಣ್ಣೆಯ ಅಣುವಿನಲ್ಲಿ ಎಷ್ಟು ಡಬಲ್ ಬಾಂಡ್ ಇವೆ ಎಂದು ಅಯೋಡಿನ್ ಎಣಿಸಿ ಕೊಡುತ್ತದೆ. ಡಬಲ್ ಬಾಂಡ್ ಹೆಚ್ಚಿದ್ದಷ್ಟೂ ಗಾಳಿಗೆ ಬೇಗ ಮುಗ್ಗಲು ಹಿಡಿಯುತ್ತದೆ. ಶೇಂಗಾ ಎಣ್ಣೆಗೆ ತಾಳೆ ಎಣ್ಣೆ ಬೆರೆಸಿದರೂ ಈ ಅಂಕಿ ಇಳಿದು ಗುಟ್ಟು ಬಿಟ್ಟುಕೊಡುತ್ತದೆ. ತಿಪ್ಪೇರುದ್ರಸ್ವಾಮಿಯ ಫಾಲ್ಗುಣದ ಜಾತ್ರೆಯಲ್ಲಿ ನಾಯಕನಹಟ್ಟಿಯ ತುಂಬ ಹರಕೆಯ ಕೊಬ್ಬರಿ ಸುಡುತ್ತಾರಲ್ಲ, ಆ ಹೊಗೆ, ಆ ಉರಿ ಎಲ್ಲ ಕೊಬ್ಬರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚಿರುವ ಎಣ್ಣೆಯದು. ಮೊಳಕಾಲ್ಮೂರಿನ ಸೀರೆಗೆ ನೂಲು ಸಿದ್ಧಮಾಡುವಾಗ ರೇಷ್ಮೆಯನ್ನು ಸೋಪು ಸೋಡಾ ನೀರಿನಲ್ಲಿ ಬೇಯಿಸಿ ಗೋಂದು ಬಿಡಿಸುತ್ತಾರೆ; ಸೆರಿಸಿನ್ ಎಂಬ ಆ ಪ್ರೊಟೀನು ಹೋದ ಮೇಲೆ ನೂಲಿನ ತೂಕ ಕಾಲುಭಾಗದಷ್ಟು ಇಳಿದಿರುತ್ತದೆ, ಹೊಳಪು ಬಂದಿರುತ್ತದೆ. ಅಲ್ಲಿಯೂ ನೀರು ಗಡಸಾಗಿದ್ದರೆ ಸೋಪು ಒಡೆದು ನೂಲಿಗೆ ಜಿಡ್ಡು ಮೆತ್ತುತ್ತದೆ, ಬಣ್ಣ ಸಮನಾಗಿ ಹಿಡಿಯುವುದಿಲ್ಲ. ಇಲ್ಲಿನ ಕಂಬಳಿಗೆ ಹುಣಸೆಬೀಜದ ಗಂಜಿ ಹಾಕುವುದು ಪಾಲಿಮರ್ ಪಾಠವೇ.

ಊರಿನ ವಸ್ತುವನ್ನು ರಸಾಯನಶಾಸ್ತ್ರದ ಬೆಂಚಿಗೆ ತಂದರೆ ಏನಾಗುತ್ತದೆ ಎಂಬುದಕ್ಕೆ ಕನ್ನಡನಾಡಿನಲ್ಲೇ ದೊಡ್ಡ ನಿದರ್ಶನವಿದೆ. ಮೊದಲ ಮಹಾಯುದ್ಧ ಶುರುವಾಗಿ ಮೈಸೂರಿನ ಗಂಧದ ಕೊರಡುಗಳು ಯೂರೋಪಿಗೆ ಹೋಗುವುದು ನಿಂತಾಗ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಸಾಯನಶಾಸ್ತ್ರಜ್ಞರಾದ ಸಡ್‌ಬರೋ ಮತ್ತು ವಾಟ್ಸನ್ ಇಲ್ಲೇ ಗಂಧದೆಣ್ಣೆ ಇಳಿಸುವ ಬಗೆ ಕಂಡುಕೊಂಡರು. 1916ರಲ್ಲಿ ಬೆಂಗಳೂರಿನಲ್ಲಿ ಕಾರ್ಖಾನೆಯಾಯಿತು. ಎಸ್.ಜಿ. ಶಾಸ್ತ್ರಿಗಳು ಲಂಡನ್ನಿಗೆ ಹೋಗಿ ಸೋಪಿನ ವಿದ್ಯೆ ಕಲಿತು ಬಂದರು. ಮೈಸೂರು ಸ್ಯಾಂಡಲ್ ಸೋಪು ಇವತ್ತಿಗೂ ನಮ್ಮ ಬಚ್ಚಲಲ್ಲಿದೆ.

ಅದೇ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೇ ಆವರಣ ಈಗ ನಾಯಕನಹಟ್ಟಿಯ ಪಕ್ಕದ ಕುದಾಪುರದಲ್ಲಿದೆ, 1,500 ಎಕರೆ. ಅಮೃತಮಹಲ್ ಕಾವಲಾಗಿದ್ದ ನೆಲ ಅದು. ದನ ಕುರಿ ಮೇಯಿಸಿಕೊಂಡಿದ್ದ ಸುತ್ತಲಿನ ಹಳ್ಳಿಗಳು ಕಾವಲು ಕೈಬಿಟ್ಟುಹೋದ ನೋವನ್ನು ಇನ್ನೂ ಮರೆತಿಲ್ಲ, ಮರೆಯಬೇಕೆಂದು ಹೇಳಲು ನಾನು ಯಾರು. ಆದರೆ ಅಲ್ಲಿನ ಪ್ರತಿಭಾ ಅಭಿವೃದ್ಧಿ ಕೇಂದ್ರ ಹತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಶಾಲೆ ಕಾಲೇಜುಗಳ ವಿಜ್ಞಾನ ಶಿಕ್ಷಕರನ್ನು ಕರೆಸಿ, ಅವರ ಕೈಯಿಂದಲೇ ಪ್ರಯೋಗ ಮಾಡಿಸಿ ಕಳಿಸುತ್ತಿದೆ. ನಾಡಿನ ಮೂಲೆಮೂಲೆಯಿಂದ ಕೆಮಿಸ್ಟ್ರಿ ಮೇಷ್ಟ್ರುಗಳು ಬಂದು ಹೋಗುವ ಜಾಗ ನಾಯಕನಹಟ್ಟಿಯ ಹಿತ್ತಲಲ್ಲಿದೆ. ಸುತ್ತಲಿನ ಡಿಗ್ರಿ ಕಾಲೇಜುಗಳ ಮಕ್ಕಳಿಗೂ ಆ ಬಾಗಿಲು ವಾಡಿಕೆಯಾಗಿ ತೆರೆದಿರಬೇಕು, ವರ್ಷಕ್ಕೊಮ್ಮೆಯ ಪ್ರವಾಸದ ಹಾಗಲ್ಲ. ಕಾವಲು ಕೊಟ್ಟ ಊರುಗಳ ನೀರಿನ ಲೆಕ್ಕವನ್ನು ಆ ಊರಿನ ಮಕ್ಕಳೇ ಆ ಸಂಸ್ಥೆಯ ಉಪಕರಣದಲ್ಲಿ ಹಾಕುವಂತಾದರೆ ಅದು ಉಪಕಾರವಲ್ಲ, ನ್ಯಾಯ.

ಓದಿ ಏನಾಗುತ್ತಾರೆ ಎಂಬ ತಂದೆತಾಯಿಯ ಪ್ರಶ್ನೆಗೂ ಉತ್ತರ ಕೊಡಬೇಕು. ಬಿ.ಇಡಿ. ಮಾಡಿ ಮೇಷ್ಟ್ರಾಗುವವರು ಹೆಚ್ಚು. ಬೆಂಗಳೂರಿನ ಔಷಧ ಕಂಪನಿಗಳ ಕ್ವಾಲಿಟಿ ಕಂಟ್ರೋಲಿಗೆ, ನೀರು ಪರೀಕ್ಷಾ ಪ್ರಯೋಗಾಲಯಗಳಿಗೆ, ಸಕ್ಕರೆ ಕಾರ್ಖಾನೆಗಳಿಗೆ ಹೋಗುವವರೂ ಇದ್ದಾರೆ. ಬಿ.ಎಸ್ಸಿ. ಮುಗಿಸಿದವರು ‘ಜ್ಯಾಮ್’ ಎಂಬ ಪರೀಕ್ಷೆ ಬರೆದು ಐಐಟಿಗಳ ಎಂ.ಎಸ್ಸಿ.ಗೆ, ಭಾರತೀಯ ವಿಜ್ಞಾನ ಸಂಸ್ಥೆಯ ಇಂಟಿಗ್ರೇಟೆಡ್ ಪಿಎಚ್.ಡಿ.ಗೆ ನೇರವಾಗಿ ಸೇರಬಹುದು ಎಂಬುದು ಎಷ್ಟೋ ಮಕ್ಕಳಿಗೆ ಮೂರನೇ ವರ್ಷ ಮುಗಿಯುವ ತನಕ ಗೊತ್ತೇ ಆಗುವುದಿಲ್ಲ. ಮೊದಲ ವರ್ಷದ ಮೊದಲ ವಾರದಲ್ಲೇ ಹೇಳಬೇಕಾದ ಮಾತು. ಸಿ.ಎನ್.ಆರ್. ರಾವ್ ಮೈಸೂರು ವಿಶ್ವವಿದ್ಯಾನಿಲಯದಿಂದ ಬಿ.ಎಸ್ಸಿ. ಪಡೆದದ್ದು 1951ರಲ್ಲಿ. ಅವರ ಹಾದಿ ಶುರುವಾದದ್ದೂ ಈ ಡಿಗ್ರಿಯಿಂದಲೇ.

2021ರಲ್ಲಿ ನಾಲ್ಕು ವರ್ಷದ ಆನರ್ಸ್ ಬಂತು, 2024–25ರಿಂದ ಮತ್ತೆ ಮೂರು ವರ್ಷಕ್ಕೆ ಮರಳಿದ್ದೇವೆ. ವರ್ಷ ಮೂರೋ ನಾಲ್ಕೋ ಎಂಬ ಚರ್ಚೆಯಲ್ಲಿ ಬ್ಯೂರೆಟ್ಟಿನೊಳಗೆ ಏನಿರಬೇಕು ಎಂಬ ಮಾತು ಎಲ್ಲೂ ಕೇಳಿಬರಲಿಲ್ಲ. ನಾನು ಕೇಳುವುದಕ್ಕೆ ಹೊಸ ಸಿಲಬಸ್ಸೂ ಬೇಡ, ಹೊಸ ಕಟ್ಟಡವೂ ಬೇಡ. ಕೊನೆಯ ವರ್ಷದ ಪ್ರತಿ ವಿದ್ಯಾರ್ಥಿ ತನ್ನ ಊರಿನ ಒಂದು ಕೊಳವೆಬಾವಿಯ ನೀರನ್ನು ವರ್ಷಕ್ಕೆ ಎರಡು ಸಲ, ಮುಂಗಾರಿಗೆ ಮೊದಲು ಒಮ್ಮೆ, ಹಿಂಗಾರು ಮುಗಿದ ಮೇಲೆ ಒಮ್ಮೆ, ತಂದು ಅಳೆಯಲಿ. ಗಡಸುತನ, ಕ್ಯಾಲ್ಸಿಯಂ, ಕ್ಷಾರೀಯತೆ, ಕ್ಲೋರೈಡ್ ನಾಲ್ಕಕ್ಕೂ ಬ್ಯೂರೆಟ್ ಸಾಕು. ಫ್ಲೋರೈಡಿಗೆ ಸ್ಪ್ಯಾಡ್ನ್ಸ್ ವಿಧಾನ: ಜಿರ್ಕೋನಿಯಂ ಜೊತೆ ಸೇರಿ ಕೆಂಪಾಗಿರುವ ಬಣ್ಣದ್ರಾವಣಕ್ಕೆ ನೀರು ಬೆರೆಸಿದಾಗ ಫ್ಲೋರೈಡ್ ಜಿರ್ಕೋನಿಯಮ್ಮನ್ನು ಕಿತ್ತುಕೊಳ್ಳುತ್ತದೆ, ಬಣ್ಣ ಮಾಸುತ್ತದೆ, ಮಾಸಿದಷ್ಟನ್ನು ಕಲರಿಮೀಟರ್ 570 ನ್ಯಾನೋಮೀಟರಿನಲ್ಲಿ ಓದುತ್ತದೆ. 1.4 ಮಿಲಿಗ್ರಾಮಿಗಿಂತ ಹೆಚ್ಚಿದ್ದರೆ ಡಿಸ್ಟಿಲ್ಡ್ ನೀರು ಸೇರಿಸಿ ತೆಳುಮಾಡಿ ಮತ್ತೆ ಓದಬೇಕು. ಕಲರಿಮೀಟರ್ ಹೆಚ್ಚುಕಡಿಮೆ ಎಲ್ಲ ಡಿಗ್ರಿ ಕಾಲೇಜಿನಲ್ಲೂ ಇದೆ. ಹೋಲಿಕೆಗೆ ಬೇಕಾದ ದ್ರಾವಣಕ್ಕೆ 221 ಮಿಲಿಗ್ರಾಂ ಸೋಡಿಯಂ ಫ್ಲೋರೈಡನ್ನು ಒಂದು ಲೀಟರಿಗೆ ಕರಗಿಸಿದರೆ ಸರಿಯಾಗಿ 100 ಮಿಲಿಗ್ರಾಂ ಫ್ಲೋರೈಡ್. ಸೋಡಿಯಂ ಫ್ಲೋರೈಡ್ ವಿಷ, ತೂಗುವಾಗ ಮೇಷ್ಟ್ರು ಪಕ್ಕದಲ್ಲಿರಬೇಕು.

ಅಂಕಿಗಳನ್ನು ರೆಕಾರ್ಡ್ ಪುಸ್ತಕದಲ್ಲಿ ಬರೆದು ಸಹಿ ಹಾಕಿಸಿ ಬಿಟ್ಟರೆ ಸಾಲದು. ವಿಭಾಗದಲ್ಲಿ ಒಂದು ದಪ್ಪ ರಿಜಿಸ್ಟರ್ ಇಡಬೇಕು: ಊರು, ಬಾವಿಯ ಗುರುತು, ಆಳ, ತಾರೀಖು, ಅಳೆದವರ ಹೆಸರು. ಇಬ್ಬರು ಬೇರೆಬೇರೆಯಾಗಿ ಅಳೆದು ಉತ್ತರ ಕೂಡದಿದ್ದರೆ ಮೂರನೆಯವರು ಅಳೆಯಲಿ. ಯಾರದು ಸರಿ ಎಂದು ಹೇಳಿಬಿಡಲು ಈ ಸಲ ಯಾರ ಬಳಿಯೂ ಪಟ್ಟಿ ಇರುವುದಿಲ್ಲ. ಮೀರಿದ ಅಂಕಿ ಬಂದರೆ ಗ್ರಾಮ ಪಂಚಾಯಿತಿಗೆ ಕನ್ನಡದಲ್ಲಿ ಒಂದು ಪುಟ ಬರೆದು ಕೊಡಬೇಕು. ಆ ಪುಟ ಬರೆಯುವುದಕ್ಕೂ ಇಂಟರ್ನಲ್ ಅಂಕ ಇರಲಿ.

ಮುಂದಿನ ಸೆಮಿಸ್ಟರಿಗೆ ಕಾಯಬೇಕಾಗಿಲ್ಲ. ನೀರು ತರುವಾಗ ಗಾಜಿನ ಸೀಸೆ ಬೇಡ. ಫ್ಲೋರೈಡಿಗೆ ಗಾಜು ಆಗಿಬರುವುದಿಲ್ಲ, ಪ್ಲಾಸ್ಟಿಕ್ ಬಾಟಲಿಯೇ ಇರಲಿ. ಪಂಪು ಹಾಕಿದ ಕೂಡಲೇ ಹಿಡಿಯಬಾರದು, ಪೈಪಿನಲ್ಲಿ ನಿಂತ ನೀರು ಹೋಗುವಷ್ಟು ಹೊತ್ತು ಬಿಡಬೇಕು. ಬಾಟಲಿಯನ್ನು ಅದೇ ನೀರಿನಲ್ಲಿ ಎರಡು ಮೂರು ಸಲ ಗಲಬರಿಸಿ, ಕಂಠದ ತನಕ ತುಂಬಿ, ಮುಚ್ಚಳ ಬಿಗಿದು, ಊರಿನ ಹೆಸರನ್ನೂ ತಾರೀಖನ್ನೂ ಅಳಿಸದ ಮಸಿಯಲ್ಲಿ ಬರೆದು ಬೆಳಗಿನ ಬಸ್ಸಿಗೆ ತನ್ನಿ.